ಪೇಪರ್ಸ್ ಪಾಸ್ಟ್: ಕೋರ್ಟ್ ವರದಿಯಲ್ಲಿ ಸಿಕ್ಕಿಬೀಳುವ ಕ್ರಿಕೆಟಿಗರು

ಹಳೇ ಕಾಲದ ಪ್ರಾಂತೀಯ ಕ್ರಿಕೆಟಿಗರ ಬದುಕು ಕೆದಕುವ ಹುಚ್ಚು ಉತ್ತರ ಕನ್ನಡದಲ್ಲಿ ಎಷ್ಟು ಜನರಿಗಿದೆಯೋ ಏನೋ. ಇದ್ದವರಿಗೆ ನ್ಯೂಜಿಲೆಂಡ್ ರಾಷ್ಟ್ರೀಯ ಗ್ರಂಥಾಲಯದ ‘ಪೇಪರ್ಸ್ ಪಾಸ್ಟ್’ ಜಾಲತಾಣದಷ್ಟು ಅನುಕೂಲದ್ದು ಕಡಿಮೆ. ದುಡ್ಡು ಕೇಳುವುದಿಲ್ಲ, ಲಾಗಿನ್ ಬೇಡ. ‘ಪ್ರೆಸ್’, ‘ಲಿಟಲ್ಟನ್ ಟೈಮ್ಸ್’, ‘ಒಟಾಗೊ ಡೈಲಿ ಟೈಮ್ಸ್’ನಂಥ ಹಳೆಯ ಪತ್ರಿಕೆಗಳ ಪುಟಗಳನ್ನು ಕಾರವಾರದ ವಕೀಲರ ಕೋಣೆಯಲ್ಲೇ ಕೂತು ತಿರುವಬಹುದು. ಕ್ರಿಕೆಟ್ ಅಂಕಿಅಂಶದ ತಾಣ ಕ್ರಿಕೆಟ್‌ಆರ್ಕೈವ್‌ಗೆ ಚಂದಾ ಕಟ್ಟಬೇಕು. ಕ್ರಿಕ್‌ಇನ್ಫೊ ಪುಕ್ಕಟೆ, ಆದರೆ ಅಲ್ಲಿ ಸಿಗುವುದು ರನ್ನು, ವಿಕೆಟ್ಟು, ಹುಟ್ಟಿದ್ದು, ಸತ್ತಿದ್ದು. ನಡುವಿನ ಬದುಕು ಬೇಕಾದರೆ ಪತ್ರಿಕೆಗೇ ಬರಬೇಕು.

ಆಟಗಾರ ವಕೀಲನೂ ಆಗಿದ್ದರೆ ಹುಡುಕುವವರ ಅದೃಷ್ಟ ಖುಲಾಯಿಸಿತು ಎನ್ನಿ. ಗುಮಾಸ್ತನೋ ಕುರಿ ಸಾಕುವವನೋ ಆದರೆ ಬೇಸಿಗೆಗೆ ಎರಡು ಪಂದ್ಯದಲ್ಲಿ ಕಂಡು ಮಾಯವಾಗುತ್ತಾನೆ. ವಕೀಲ ಹಾಗಲ್ಲ. ಸನ್ನದು ಸಿಕ್ಕ ಸುದ್ದಿ, ಪಾಲುದಾರಿಕೆ ಮುರಿದ ನೋಟಿಸು, ಕಚೇರಿ ಬದಲಿಸಿದ ಜಾಹೀರಾತು, ವಾದಿಯ ಪರ ಯಾರು, ಪ್ರತಿವಾದಿಯ ಪರ ಯಾರು ಎಂಬ ವರದಿ, ಎಲ್ಲದರಲ್ಲೂ ಹಾಜರು. ಹೆಸರನ್ನು ‘ಸಾಲಿಸಿಟರ್’ ಪದದ ಜೊತೆ ಒಮ್ಮೆ, ‘ಕ್ರಿಕೆಟ್’ ಜೊತೆ ಒಮ್ಮೆ ಹುಡುಕಿ, ಎರಡರ ತಾರೀಖುಗಳನ್ನು ಅಕ್ಕಪಕ್ಕ ಬರೆದುಕೊಂಡರೆ ಅರ್ಧ ಜೀವನಚರಿತ್ರೆ ಕೈಗೆ ಬಂದಂತೆ.

ಕ್ರೈಸ್ಟ್‌ಚರ್ಚಿನ ಫ್ರೆಡರಿಕ್ ವೈಲ್ಡಿಂಗ್‌ನನ್ನೇ ತೆಗೆದುಕೊಳ್ಳಿ. 1879ರಲ್ಲಿ ಇಂಗ್ಲೆಂಡಿನಿಂದ ಬಂದ ವಕೀಲ, ಕ್ಯಾಂಟರ್‌ಬರಿ ಪ್ರಾಂತ್ಯದ ಕ್ರಿಕೆಟಿಗ. ಟೆನಿಸ್‌ನಲ್ಲಿ ಹಾರ್ಮನ್ ಜೊತೆಗೂಡಿ ಐದು ಸಲ ನ್ಯೂಜಿಲೆಂಡ್ ಡಬಲ್ಸ್ ಗೆದ್ದವನು. ಬರಿಯ ‘ವೈಲ್ಡಿಂಗ್’ ಎಂದು ಇಂಗ್ಲಿಷಿನಲ್ಲಿ ಹುಡುಕಿದಿರೋ, ಅಪ್ಪನನ್ನು ಮಗ ನುಂಗಿಹಾಕುತ್ತಾನೆ. ಮಗ ಆಂತೊನಿ 1910ರಿಂದ 1913ರವರೆಗೆ ಸತತ ನಾಲ್ಕು ವರ್ಷ ವಿಂಬಲ್ಡನ್ ಗೆದ್ದು, 1915ರ ಯುದ್ಧದಲ್ಲಿ ಮಡಿದವನು. ಅವನೂ ಕಾನೂನು ಓದಿದ್ದ, ಅವನೂ ಕ್ಯಾಂಟರ್‌ಬರಿಗೆ ಕ್ರಿಕೆಟ್ ಆಡಿದ್ದ! ಸಾಲದ್ದಕ್ಕೆ ಆ ದೇಶದಲ್ಲಿ ತಾನಾಗಿ ಹಬ್ಬಿ ಬೆಳೆಯುವ ಪೈನ್ ಮರಗಳಿಗೂ ಇದೇ ಪದ. ಇತ್ತೀಚಿನ ದಶಕಗಳ ಪತ್ರಿಕೆಯಲ್ಲಿ ಮನುಷ್ಯನ ಬದಲು ಕಾಡು ಸಿಗುತ್ತದೆ. 1879ರಿಂದ 1899 ಎಂದು ಅವಧಿ ಕಟ್ಟಿ, ಪತ್ರಿಕೆ ‘ಪ್ರೆಸ್’ ಎಂದು ಆರಿಸಿದರೆ ಬಹುಪಾಲು ಕಸ ಹೋಗುತ್ತದೆ. ಹೆಸರಿನ ಮುಂದಿನ ಒಂದೇ ಅಕ್ಷರ ನಂಬಿ ಕೂರುವುದಂತೂ ಬೇಡ. ಶಿರಸಿ ಪೇಟೆಯಲ್ಲಿ ನಿಂತು ‘ಜಿ. ಹೆಗಡೆಯವರೇ’ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೆ ಎಂಬುದು ಗೊತ್ತಲ್ಲ, ಹಾಗೇ ಅಲ್ಲೂ.

ದೊಡ್ಡ ತೊಂದರೆ ಪುಟದ ಚಿತ್ರ ಓದಿ ಹುಡುಕಬಲ್ಲ ಪಠ್ಯ ಮಾಡುವ, ಅಕ್ಷರ ಗುರುತಿಸುವ ಯಂತ್ರದ್ದು. ಮಸಿ ಮಾಸಿದ ಮುದ್ರಣದಲ್ಲಿ ಇಂಗ್ಲಿಷಿನ ‘ಡಿ’ ಒಡೆದು ‘ಸಿ’, ‘ಎಲ್’ ಎಂದು ಎರಡಾಗುತ್ತದೆ. ‘ಇ’ ಹೋಗಿ ‘ಸಿ’ ಆಗುತ್ತದೆ. ಹೆಸರು ಸಿಗಲಿಲ್ಲ ಎಂದರೆ ಆಟಗಾರ ಆಡಿಲ್ಲ ಎಂದಲ್ಲ. ಎರಡು ತಂಡಗಳ ಹೆಸರು, ಪಂದ್ಯದ ವಾರ, ಇಷ್ಟರಿಂದ ಹುಡುಕಿ. ಸ್ಕೋರ್‌ಪಟ್ಟಿಯಲ್ಲಿ ಅವಾಂತರ ಇನ್ನೂ ಜಾಸ್ತಿ: ಹೆಸರಿನ ಸಾಲು ಒಂದು ಕಡೆ, ರನ್ನಿನ ಸಾಲು ಇನ್ನೊಂದು ಕಡೆ ಬಿದ್ದು, ಸೊನ್ನೆ ಹೊಡೆದವನ ಲೆಕ್ಕಕ್ಕೆ ನಲವತ್ತು ಸೇರಿರುತ್ತದೆ. ಆದ್ದರಿಂದ ಪಠ್ಯದಿಂದ ಅಂಕಿ ಎತ್ತಬೇಡಿ. ಪುಟದ ಚಿತ್ರವನ್ನೇ ದೊಡ್ಡದು ಮಾಡಿ, ಬೈ, ಲೆಗ್‌ಬೈ, ವೈಡ್ ಸೇರಿಸಿ ಕೂಡಿಸಿ. ಮೊತ್ತ ತಾಳೆಯಾಗದಿದ್ದರೆ ಅದೇ ಪಂದ್ಯದ ವರದಿಯನ್ನು ‘ಲಿಟಲ್ಟನ್ ಟೈಮ್ಸ್’ನಲ್ಲಿ ನೋಡಿ, ಆಗಿನ ವರದಿಗಾರರೂ ತಪ್ಪು ಮಾಡುತ್ತಿದ್ದರು.

ನಮ್ಮ ವಕೀಲರೇ ಎಡವುವ ಜಾಗ ಇನ್ನೊಂದಿದೆ. ಆ ವರದಿಗಳಲ್ಲಿ ‘ಸುಪ್ರೀಂ ಕೋರ್ಟ್’ ಎಂದರೆ ದಿಲ್ಲಿಯ ಲೆಕ್ಕದಲ್ಲಿ ಓದಬೇಡಿ. 1980ರಲ್ಲಿ ಅದಕ್ಕೆ ಹೈಕೋರ್ಟ್ ಎಂದು ಹೆಸರು ಬದಲಾಯಿತು. ಸಣ್ಣ ದಾವೆಗಳಿಗೆ ‘ರೆಸಿಡೆಂಟ್ ಮ್ಯಾಜಿಸ್ಟ್ರೇಟ್ ಕೋರ್ಟ್’ ಎಂದು ಹುಡುಕಿ. ಬ್ಯಾರಿಸ್ಟರ್, ಸಾಲಿಸಿಟರ್ ಎರಡೂ ಒಬ್ಬನೇ ಆಗಿರುವುದು ಅಲ್ಲಿ ಮಾಮೂಲು, ಇಬ್ಬರೆಂದು ಎಣಿಸಬೇಡಿ. ಪ್ರಾಂತ್ಯಗಳ ಆಡಳಿತ 1876ರಲ್ಲೇ ರದ್ದಾದರೂ ತಂಡಗಳ ಹೆಸರು ಉಳಿಯಿತು. ನಮ್ಮ ರಣಜಿಯಲ್ಲಿ ವಿದರ್ಭ, ಸೌರಾಷ್ಟ್ರ ಇಲ್ಲವೇ? ಆ ದೇಶದ ಮೊದಲ ಪ್ರಥಮ ದರ್ಜೆ ಪಂದ್ಯ 1864ರ ಜನವರಿ ಕೊನೆಯಲ್ಲಿ ಡ್ಯುನೆಡಿನ್‌ನಲ್ಲಿ ನಡೆದದ್ದು. ಒಟಾಗೊ ಕ್ಯಾಂಟರ್‌ಬರಿ ತಂಡವನ್ನು 76 ರನ್ನಿನಿಂದ ಸೋಲಿಸಿತು. ಅಲ್ಲಿ ಆಟ ಚಳಿಗಾಲದ್ದಲ್ಲ, ಡಿಸೆಂಬರ್, ಜನವರಿಯ ಬೇಸಿಗೆಯದು. ಒಂದು ಋತು ಎರಡು ವರ್ಷಕ್ಕೆ ಹರಡಿರುವುದರಿಂದ ಹುಡುಕುವ ಅವಧಿಯನ್ನು ಅಕ್ಟೋಬರ್‌ನಿಂದ ಏಪ್ರಿಲ್‌ಗೆ ಇಟ್ಟುಕೊಳ್ಳಿ.

ಕಾರವಾರದ್ದೇ ಹಳೆಯ ವಕೀಲ ಕ್ರಿಕೆಟಿಗರನ್ನು ಹುಡುಕಬೇಕೆನ್ನುವವರಿಗೆ ಈ ತಾಣ ಪ್ರಯೋಜನವಿಲ್ಲ. ಜಿಲ್ಲೆ 1862ರಲ್ಲಿ ಮದ್ರಾಸ್ ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೂ ಅತ್ತಲೇ ಇದ್ದದ್ದರಿಂದ ಮೈಸೂರಿನ ದಾಖಲೆಗಿಂತ ಮೊದಲು ಮುಂಬಯಿಯ ಪತ್ರಿಕೆಗಳನ್ನು ನೋಡಬೇಕು.

ಐದಕ್ಕೆ ನಾಲ್ಕೂವರೆ. ಕಳೆದ ಅರ್ಧ ಅಂಕ ಮೊಬೈಲಿನಲ್ಲಿ ಪುಟ ಓದುವ ಕಷ್ಟಕ್ಕೆ. ಘಟ್ಟದ ಮೇಲಿನ ಮಳೆಗಾಲದ ನೆಟ್‌ವರ್ಕಿನಲ್ಲಿ ಪಠ್ಯ ಬಂದರೂ ಚಿತ್ರ ಬರುವುದಿಲ್ಲ, ಬೇಕಾದ್ದೋ ಚಿತ್ರವೇ. ಸಿಕ್ಕಿದ್ದನ್ನು ಬರಿಯ ಸ್ಕ್ರೀನ್‌ಶಾಟ್ ಮಾಡಿ ಇಟ್ಟರೆ ತಿಂಗಳ ಮೇಲೆ ಯಾವ ಪತ್ರಿಕೆ, ಯಾವ ದಿನ ಎಂದು ಗೊತ್ತಾಗದೆ ಮತ್ತೆ ಹುಡುಕಬೇಕಾಗುತ್ತದೆ. ಪ್ರತಿ ಸುದ್ದಿಯ ಜೊತೆಗೂ ಸಂಪುಟ, ಸಂಚಿಕೆ, ತಾರೀಖು, ಪುಟ ಮತ್ತು ಕಾಯಂ ಲಿಂಕ್ ಕೊಟ್ಟಿರುತ್ತಾರೆ. ಚಿತ್ರಕ್ಕಿಂತ ಮೊದಲು ಅದನ್ನು ನಕಲು ಮಾಡಿಕೊಳ್ಳಿ.