ಪ್ಲೈವುಡ್, ರಟ್ಟು, ಬಿದಿರು, ಬಾಡಿಗೆ ಚೌಕಟ್ಟು: ಮೇಳಕ್ಕೆ ನಾಲ್ಕು ಥರದ ಸ್ಟಾಲ್ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈಗ ನಾವು ಮೇಳಕ್ಕೆ ಒಯ್ಯುವುದು ಎರಡು ಚೀಲ ಬಟ್ಟೆ, ಬಿಚ್ಚಿ ಕಟ್ಟಿದ ಎರಡು ಬಿದಿರಿನ ಶೆಲ್ಫು, ಅಷ್ಟೇ. ಗೋಡೆ ಬಾಡಿಗೆಯದ್ದು. ಇಲ್ಲಿಗೆ ಬಂದು ಮುಟ್ಟುವ ಮೊದಲು ಪ್ಲೈವುಡ್, ರಟ್ಟು, ಪೂರ್ತಿ ಬಿದಿರು ಮೂರನ್ನೂ ಕಟ್ಟಿ ನೋಡಿದ್ದೇವೆ, ಮೂರಕ್ಕೂ ದುಡ್ಡು ಸುರಿದಿದ್ದೇವೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಡಿಕೆ ಹಾಳೆಯಿಂದ ತಟ್ಟೆ, ಬಟ್ಟಲು ಮಾಡುವ ಸಣ್ಣ ಘಟಕ. ವರ್ಷಕ್ಕೆ ಮೂರ್ನಾಲ್ಕು ಮೇಳ. ಹೆಚ್ಚಿನವು ಬೆಂಗಳೂರಿನಲ್ಲಿ: ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿ, ಅರಮನೆ ಮೈದಾನ, ನವೆಂಬರ್‌ನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ. ತೆಗೆದುಕೊಳ್ಳುವುದು ಯಾವಾಗಲೂ 3 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗ, ಅಂದರೆ 9 ಚದರ ಮೀಟರ್. ನಾನು ಹೇಳುವುದೆಲ್ಲ ಈ ಅಳತೆಯ ಅನುಭವ. ನೂರು ಚದರ ಮೀಟರ್ ತೆಗೆದುಕೊಳ್ಳುವ ದೊಡ್ಡ ಕಂಪನಿಗಳ ಲೆಕ್ಕ ಬೇರೆ ಇರುತ್ತದೆ.

ಮೊದಲ ಸಲ ಖಾಲಿ ಜಾಗ ತೆಗೆದುಕೊಂಡು, ಕಟ್ಟುವ ಕೆಲಸವನ್ನು ಸ್ಟಾಲ್ ಕಟ್ಟಿಕೊಡುವ ಒಬ್ಬ ಫ್ಯಾಬ್ರಿಕೇಟರ್‌ಗೆ ಒಪ್ಪಿಸಿದೆವು. ಎಂಟು ಅಡಿ, ನಾಲ್ಕು ಅಡಿಯ 14 ಪ್ಲೈವುಡ್ ಶೀಟು ಹೋಯಿತು. ಮೂರು ಗೋಡೆ, ಕೌಂಟರ್, ನೆಲಕ್ಕೊಂದು ಅಟ್ಟಣೆ. ಮೇಲೆ ಮೈಕಾ ಅಂಟಿಸಿ, ಸಂದಿಗೆಲ್ಲ ಪುಟ್ಟಿ ತುಂಬಿ, ಮುಂದೆ ವಿನೈಲ್ ಸ್ಟಿಕರ್ ಹಾಕಿದರು. ನೋಡುವುದಕ್ಕೆ ಅಂಗಡಿಯೇ ಎದ್ದು ಬಂದ ಹಾಗಿತ್ತು. ಆರ್ಡರ್ ಕೂಡ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎರಡನೇ ದಿನ ತಟ್ಟೆ ಕೈಯಲ್ಲಿ ಹಿಡಿದು ನೋಡುತ್ತಿದ್ದ ಒಬ್ಬರು ಹೆಂಗಸು ಕೇಳಿದರು, "ತಟ್ಟೆ ಮಣ್ಣಾಗುತ್ತೆ, ಸರಿ. ಈ ಗೋಡೆ ಎಲ್ಲಿಗೆ ಹೋಗುತ್ತೆ?"

ಉತ್ತರ ಗೊತ್ತಿರಲಿಲ್ಲ. ಮೂರನೇ ದಿನ ಸಂಜೆ ಗೊತ್ತಾಯಿತು. ರಾತ್ರಿಯೊಳಗೆ ಹಾಲ್ ಖಾಲಿ ಮಾಡಬೇಕು, ಸುತ್ತಿಗೆ, ಹಾರೆ ಹಿಡಿದು ನಾಲ್ಕು ಜನ ಬಂದರು, ಎರಡು ಗಂಟೆಯಲ್ಲಿ ಎಲ್ಲ ಚೂರು. ಶೀಟುಗಳನ್ನು ಎತ್ತಿಡಿ, ಇನ್ನೊಂದು ಮೇಳಕ್ಕೆ ಆಗುತ್ತೆ ಅಂತ ಕೇಳಿಕೊಂಡೆವು. "ಮೊಳೆ ಕಿತ್ತು, ಮೈಕಾ ಕಿತ್ತು, ಗೋಡೌನ್‌ಗೆ ಬಾಡಿಗೆ ಕಟ್ಟೋದಕ್ಕಿಂತ ಹೊಸ ಶೀಟೇ ಅಗ್ಗ ಸಾರ್" ಎಂದರು. ಚೂರುಗಳನ್ನು ಊರಿಗೆ ತಂದು ಒಲೆಗೆ ಹಾಕೋಣ ಅಂದರೆ ಅದೂ ಆಗದು. ಪ್ಲೈವುಡ್ ಪದರಗಳನ್ನು ಹಿಡಿಯುವ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಮೇಲಿನ ಮೈಕಾ, ವಿನೈಲ್ ಬೇರೆ. ಅದರ ಹೊಗೆ ಕುಡಿಯಬಾರದು. ಬೋಲ್ಟ್ ಹಾಕಿ ಬಿಚ್ಚುವ ಹಾಗೆ ಮಾಡಿ ಹತ್ತು ಮೇಳಕ್ಕೆ ಬಳಸಿದರೆ ಪ್ಲೈವುಡ್ಡೂ ಕೆಟ್ಟದ್ದೇನಲ್ಲ. ಆದರೆ ಹಾಗೆ ಮಾಡಿಕೊಡುವವರು ನಮಗಂತೂ ಸಿಗಲಿಲ್ಲ.

ಆಮೇಲೆ ರಟ್ಟು. ಮಾಮೂಲಿ ಡಬ್ಬದ ರಟ್ಟಲ್ಲ, ಒಳಗೆ ಜೇನುಗೂಡಿನ ಹಾಗೆ ಪೊಳ್ಳು ಕೋಣೆಗಳಿರುವ 16 ಮಿ.ಮೀ. ದಪ್ಪದ್ದು. ಮೊಳೆ ಇಲ್ಲ, ಅಂಟಿಲ್ಲ, ಒಂದರ ಸೀಳಿಗೆ ಇನ್ನೊಂದನ್ನು ಸಿಕ್ಕಿಸಿದರೆ ನಿಲ್ಲುತ್ತದೆ. ಇಬ್ಬರೇ ಒಂದೂವರೆ ಗಂಟೆಯಲ್ಲಿ ನಿಲ್ಲಿಸಿದೆವು. ಕೌಂಟರ್ ಮೇಲೆ ತಟ್ಟೆಯ ಕಟ್ಟುಗಳನ್ನು ಪೇರಿಸಿದರೂ ಅಲುಗಲಿಲ್ಲ. ನಾವು ಮಾಡಿದ ತಪ್ಪು ಅದನ್ನು ಬಯಲಿನ ಮೇಳಕ್ಕೆ ಒಯ್ದದ್ದು. ನವೆಂಬರ್ ಅಲ್ವಾ, ಶಾಮಿಯಾನದ ಕೆಳಗೂ ಬೆಳಗಿನ ಇಬ್ಬನಿ ತಪ್ಪುವುದಿಲ್ಲ. ಒಂದು ರಾತ್ರಿ ಸಣ್ಣ ಮಳೆಯೂ ಬಂತು. ಬೆಳಗ್ಗೆ ನೋಡಿದರೆ ಬುಡವೆಲ್ಲ ನೀರು ಕುಡಿದು ಉಬ್ಬಿತ್ತು, ಮಧ್ಯಾಹ್ನದ ಹೊತ್ತಿಗೆ ಹೆಸರಿನ ಪಟ್ಟಿ ಮುಂದಕ್ಕೆ ಬಾಗಿತು. ಅಳಿದುಳಿದದ್ದಕ್ಕೆ ಬುಡ ಕತ್ತರಿಸಿ ಮುಂದಿನ ಸಲ ಹಾಲ್ ಒಳಗೆ ಬಳಸಿದೆವು, ಅಲ್ಲಿ ಪರವಾಗಿಲ್ಲ. ಆದರೆ ಅಷ್ಟರಲ್ಲಿ ಮೂಲೆಗಳೆಲ್ಲ ಜಜ್ಜಿಹೋಗಿದ್ದವು, ಮೂರನೇ ಮೇಳ ಕಾಣುವ ಸ್ಥಿತಿ ಇರಲಿಲ್ಲ. ಗುಜರಿಯವರು ತೂಕಕ್ಕೆ ಕೊಂಡರು. ಅದು ಸಾಧ್ಯವಾದದ್ದು ನಾವು ಮೇಲೆ ಲ್ಯಾಮಿನೇಷನ್ ಮಾಡಿಸದೆ ನೇರ ರಟ್ಟಿನ ಮೇಲೇ ಪ್ರಿಂಟ್ ಹಾಕಿಸಿದ್ದರಿಂದ. ಪ್ಲಾಸ್ಟಿಕ್ ಹಾಳೆ ಹತ್ತಿಸಿದ ರಟ್ಟು ಸುಲಭಕ್ಕೆ ಮತ್ತೆ ಕಾಗದವಾಗುವುದಿಲ್ಲ. ವರ್ಷಕ್ಕೆ ಒಂದೇ ಮೇಳ, ಅದೂ ಹಾಲ್ ಒಳಗೆ ಅನ್ನುವವರು ಕಣ್ಣು ಮುಚ್ಚಿ ರಟ್ಟು ತೆಗೆದುಕೊಳ್ಳಬಹುದು.

ಬಿದಿರಿನ ಬಗ್ಗೆ ಬರೆಯಲು ಕೂತರೆ ನನಗೆ ನಿಲ್ಲಿಸುವುದು ಕಷ್ಟ. ನಾಲ್ಕರಲ್ಲಿ ಅತ್ಯಂತ ಚೆಂದ ಕಂಡದ್ದು ಅದೇ. ನಮ್ಮೂರಿನ ಕಡೆಯದೇ ಗಳ, ನಮ್ಮೂರಿನ ಮೇದಾರರೇ ಕಟ್ಟಿದ್ದು, ಜೋಡಣೆಗೆಲ್ಲ ತೆಂಗಿನ ನಾರಿನ ಹಗ್ಗ. ಅವರು ಶುರುವಿಗೇ ಹೇಳಿದ್ದರು, "ಕೃಷ್ಣಪಕ್ಷದಲ್ಲಿ ಕಡಿದ ಗಳ ಆಗ್ಬೇಕು, ಇಲ್ಲಾಂದ್ರೆ ಕುಟ್ಟೆ ಹಿಡಿಯುತ್ತೆ." ಈ ಕುಟ್ಟೆ ಹುಳಕ್ಕೆ ಬೇಕಾದದ್ದು ಗಳದೊಳಗಿನ ಪಿಷ್ಟ. ಅದಕ್ಕೇ ಬೊರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸುತ್ತಾರೆ. ನಾವು ಅವಸರ ಮಾಡಿ ಕೆಲವು ಗಳಗಳನ್ನು ಅರ್ಧ ನೆನೆಸಿ ತೆಗೆದೆವು. ಮುಂದಿನ ವರ್ಷ ಸರಿಯಾಗಿ ಅವುಗಳಿಂದಲೇ ಹಿಟ್ಟು ಉದುರಿತು, ಚೆನ್ನಾಗಿ ನೆಂದವು ಇವತ್ತಿಗೂ ಗಟ್ಟಿ.

ಮೇಳದಲ್ಲಿ ಜನ ಬಂದು ಗಳ ಮುಟ್ಟಿ ನೋಡುತ್ತಿದ್ದರು, ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ನಮ್ಮ ತಟ್ಟೆಯ ಬಣ್ಣಕ್ಕೂ ಅದಕ್ಕೂ ಹೇಳಿ ಮಾಡಿಸಿದ ಹೊಂದಿಕೆ. ಆದರೆ ಮೂರು ಮೀಟರ್ ಉದ್ದದ ಗಳಗಳನ್ನು ಸಾಗರದಿಂದ ಬೆಂಗಳೂರಿಗೆ ಸಾಗಿಸಲು ಒಂದು ಟಾಟಾ ಏಸ್ ಪೂರ್ತಿ ಬೇಕು. ಹೋಗುವುದೇ 350 ಕಿ.ಮೀ.ಗಿಂತ ಜಾಸ್ತಿ, ಬರುವುದು ಮತ್ತೆ ಅಷ್ಟೇ. ಕಟ್ಟಲು ಮೂರು ಜನಕ್ಕೆ ಆರು ಗಂಟೆ ಹಿಡಿಯಿತು, ಮೇದಾರರೂ ಜೊತೆಗೆ ಬರಲೇಬೇಕಾಯಿತು. ಇನ್ನೊಂದು ಹಾಲ್‌ನಲ್ಲಿ ಬೆಂಕಿ ಸುರಕ್ಷತೆಯವರು ಬಂದು, ಬಿದಿರು, ಹಗ್ಗ, ಬಟ್ಟೆ ಎಲ್ಲ ಉರಿಯುವ ವಸ್ತು, ಬೆಂಕಿ ತಡೆಯುವ ದ್ರಾವಣ ಹೊಡೆಸಿದ ಪತ್ರ ಎಲ್ಲಿ ಎಂದರು. ಅವರು ಕೇಳಿದ್ದು ಸರಿಯೇ. ಸಾವಿರಾರು ಜನ ಓಡಾಡುವ ಜಾಗ ಅದು. ಪತ್ರ ತರುವಷ್ಟರಲ್ಲಿ ಅರ್ಧ ದಿನ ಹೋಯಿತು. ನೀವು ಬಿದಿರು ಹಾಕುವುದಾದರೆ ಜಾಗ ಬುಕ್ ಮಾಡುವಾಗಲೇ ಆಯೋಜಕರಿಂದ ಬೆಂಕಿ ನಿಯಮಗಳನ್ನು ಬರಹದಲ್ಲಿ ತರಿಸಿಕೊಳ್ಳಿ.

ಆ ಗಳಗಳಲ್ಲಿ ಗಟ್ಟಿಯಾದವು ಈಗ ಶೆಲ್ಫು ಆಗಿವೆ. ಕುಟ್ಟೆ ಹಿಡಿದವು ಮನೆ ಹಿಂದೆ ಬಸಳೆ ಚಪ್ಪರಕ್ಕೆ ಹೋದವು.

ಕೊನೆಗೆ ಒಗ್ಗಿದ್ದು ನಾವು ಮೊದಲು ಮೂಗು ಮುರಿದಿದ್ದ ಶೆಲ್ ಸ್ಕೀಮ್, ಅಂದರೆ ಮೇಳದಲ್ಲೇ ಸಿದ್ಧವಾಗಿ ಸಿಗುವ ಬಾಡಿಗೆ ಚೌಕಟ್ಟು. ಅಲ್ಯುಮಿನಿಯಂ ಕಂಬ, ಮಧ್ಯೆ ಬಿಳಿ ಹಲಗೆ, ಒಂದು ಮೇಜು, ಎರಡು ಕುರ್ಚಿ, ಮೂರು ದೀಪ, ಒಂದು ಪ್ಲಗ್ಗು. ಬರೀ ನೋಡಿದರೆ ಆಸ್ಪತ್ರೆ ಕೋಣೆಯ ಹಾಗಿರುತ್ತದೆ, ನಿಜ. ಆದರೆ ಅದೇ ಕಂಬ, ಅದೇ ಹಲಗೆ ಮೇಳದಿಂದ ಮೇಳಕ್ಕೆ ವರ್ಷಗಟ್ಟಲೆ ತಿರುಗುತ್ತವೆ. ಯಾರೂ ಸುತ್ತಿಗೆ ತರುವುದಿಲ್ಲ, ಒಂದು ಕೀಲಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಆ ಬಿಳುಪನ್ನು ಮುಚ್ಚಲು ನಮ್ಮ ಬಟ್ಟೆ ಇದೆ.

ಬಟ್ಟೆಯಲ್ಲೂ ಎರಡು ಥರ ನೋಡಿದೆವು. ಬಿಸಿ ಕೊಟ್ಟು ಬಣ್ಣವನ್ನು ಬಟ್ಟೆಗೆ ಇಳಿಸುವ ಸಬ್ಲಿಮೇಷನ್ ಪ್ರಿಂಟ್ ಫೋಟೋದಷ್ಟು ಸ್ಪಷ್ಟ, ಮಡಚಿ ತುರುಕಿದರೂ ಸುಕ್ಕಾಗದು. ಆದರೆ ಅದು ಹಿಡಿಯುವುದು ಪಾಲಿಯೆಸ್ಟರ್ ಮೇಲೆ ಮಾತ್ರ, ಅಂದರೆ ಅದೂ ಪ್ಲಾಸ್ಟಿಕ್ಕೇ. ಹತ್ತಿ ಬಟ್ಟೆಗೆ ಪ್ರಿಂಟ್ ದುಬಾರಿ, ಬಣ್ಣ ಸ್ವಲ್ಪ ಮಂಕು, ಹಿಂದಿನ ರಾತ್ರಿ ಇಸ್ತ್ರಿ ಮಾಡಲೇಬೇಕು. ಹಿಂದಿನ ಗೋಡೆಗೆ ಪಾಲಿಯೆಸ್ಟರ್, ಅಕ್ಕಪಕ್ಕಕ್ಕೆ ಹತ್ತಿ ಎಂದು ಮಾಡಿಕೊಂಡಿದ್ದೇವೆ. ಎರಡೂ ಆರು ಮೇಳ ಕಂಡಿವೆ, ಇನ್ನೂ ಗಟ್ಟಿಯಾಗಿವೆ. ಅಷ್ಟು ಬಾಳಿಕೆ ಬರಲು ಮುಖ್ಯ ಕಾರಣ ಬಟ್ಟೆ ಅಲ್ಲ, ಅದರ ಮೇಲೆ ನಾವು ಬರೆಸದೇ ಬಿಟ್ಟದ್ದು. ಮೇಳದ ಹೆಸರಿಲ್ಲ, ಇಸವಿ ಇಲ್ಲ, ಸ್ಟಾಲ್ ನಂಬರ್ ಇಲ್ಲ, ಬೆಲೆ ಇಲ್ಲ. ಬದಲಾಗುವುದೆಲ್ಲ ಒಂದು ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ. ಪ್ರಿಂಟ್ ಹಾಕುವವರಿಗೆ ಫ್ಲೆಕ್ಸ್ ಬೇಡ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅದೇ ಬರುತ್ತದೆ. ರಾಜ್ಯದಲ್ಲಿ 2016ರಲ್ಲೇ ಫ್ಲೆಕ್ಸ್ ನಿಷೇಧವಾಗಿದೆ, 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಪ್ಲಾಸ್ಟಿಕ್ ಬ್ಯಾನರ್ ದೇಶಕ್ಕೆಲ್ಲ ನಿಷೇಧ.

ದೀಪ ಎಲ್‌ಇಡಿಯೇ ಆಗಲಿ ಎಂದು ಕೇಳಿ ಪಡೆಯಿರಿ, ಸೆಖೆಯೂ ಕಡಿಮೆ.

ಸಾಗಾಣಿಕೆ ನೋಡಿದರೆ ಮಿಕ್ಕ ಮೂರೂ ಇದರ ಹತ್ತಿರ ಬರುವುದಿಲ್ಲ. ಶೆಲ್ಫು ತಟ್ಟೆಯ ಡಬ್ಬಗಳ ಜೊತೆಗೇ ಲಾರಿ ಪಾರ್ಸೆಲ್‌ನಲ್ಲಿ ಹೋಗುತ್ತದೆ. ಬಟ್ಟೆಯ ಚೀಲ ಹಿಡಿದು ನಾವು ತಾಳಗುಪ್ಪ ರೈಲು ಹತ್ತುತ್ತೇವೆ. 2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಬಿಐಇಸಿಗೆ ಆಟೋ ಕೂಡ ಬೇಡ.

ಇನ್ನೂ ಬಗೆಹರಿಯದೆ ಉಳಿದಿರುವುದು ಕಾರ್ಪೆಟ್. ಶೆಲ್ ಸ್ಕೀಮ್ ಜೊತೆ ಬರುವ ತೆಳು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕಾರ್ಪೆಟ್ಟನ್ನು ಎರಡು ಕಡೆ ಅಂಟಿರುವ ಟೇಪಿನಿಂದ ಹಾಸುತ್ತಾರೆ, ನಾವು ಹೋದ ಕಡೆಯೆಲ್ಲ ಕೊನೆಯ ದಿನ ಅದನ್ನು ಕಿತ್ತು ಕಸದ ರಾಶಿಗೆ ಎಸೆಯುವುದನ್ನೇ ನೋಡಿದ್ದೇವೆ. ಬದಲಿಗೆ ತೆಂಗಿನ ನಾರಿನ ಚಾಪೆ ಹಾಸಿ ನೋಡಿದೆವು. ಅಂಚು ಎಡವಿ ಒಬ್ಬರು ಅಜ್ಜ ಬೀಳುವುದರಲ್ಲಿದ್ದರು, ತಕ್ಷಣ ಸುತ್ತಿಟ್ಟೆವು. ಈಗ ಹಾಲ್ ಒಳಗಾದರೆ ಸಿಮೆಂಟ್ ನೆಲವನ್ನೇ ಗುಡಿಸಿ, ಒರೆಸಿ ಬಿಡುತ್ತೇವೆ, ಯಾವ ಗಿರಾಕಿಯೂ ಇದುವರೆಗೆ ಕೇಳಿಲ್ಲ. ಆದರೆ ಬರೀ ಫಾರ್ಮಿನಲ್ಲಿ 'ಕಾರ್ಪೆಟ್ ಬೇಡ' ಎಂದು ಬರೆದರೆ ಸಾಲದು. ಫೋನ್ ಮಾಡಿ ಹೇಳಬೇಕು, ಹಿಂದಿನ ದಿನ ಬೆಳಗ್ಗೆ, ಹಾಸುವ ಹುಡುಗರು ಬರುವ ಮೊದಲೇ, ಹೋಗಿ ನಮ್ಮ ಜಾಗದಲ್ಲಿ ನಿಂತಿರಬೇಕು.