ಹೆಸರುಗಳ ಲೆಕ್ಕದಲ್ಲಿ ಝೊಟೆರೊ

ಯಾರನ್ನು, ಯಾವ ಹೆಸರಿನಿಂದ ಉಲ್ಲೇಖಿಸುತ್ತೇವೆ ಎಂಬುದೂ ಪಾಠದ ಭಾಗವೇ ಎಂದು ಕಪ್ಪು ಸ್ತ್ರೀವಾದಿಗಳೂ ಕ್ವಿಯರ್ ಬೋಧಕರೂ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಜನಾಂಗಭೇದ ಮತ್ತು ಲಿಂಗತ್ವ ಕುರಿತ ತರಗತಿಯೊಂದರ ಓದಿನ ಪಟ್ಟಿಯನ್ನು ವಿದ್ಯಾರ್ಥಿಗಳೊಂದಿಗೆ ಸೇರಿ ಕಟ್ಟುವಾಗ, ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಆರಂಭವಾದ ಪುಸ್ತಕ-ಲೇಖನಗಳ ವಿವರಗಳನ್ನು ಕೂಡಿಟ್ಟು ಉಲ್ಲೇಖಪಟ್ಟಿ ತಯಾರಿಸುವ ಉಚಿತ ಮುಕ್ತ ತಂತ್ರಾಂಶ ಝೊಟೆರೊವನ್ನು ಈ ಒಂದು ದೃಷ್ಟಿಯಿಂದಲೇ ಪರೀಕ್ಷಿಸಿದೆ.

ಮೊದಲ ತೊಡಕು ಎದುರಾದದ್ದು ಬಾಸ್ಟನ್ನಿನ ಕಪ್ಪು ಸ್ತ್ರೀವಾದಿ ಲೆಸ್ಬಿಯನ್ನರ ಕೊಂಬಾಹೀ ರಿವರ್ ಕಲೆಕ್ಟಿವ್ 1977ರಲ್ಲಿ ಬರೆದ ಹೇಳಿಕೆಯಲ್ಲಿ. ಲೇಖಕರ ಹೆಸರು ಮತ್ತು ಕುಲನಾಮದ ಎರಡು ಚೌಕಗಳಲ್ಲಿ ಕಲೆಕ್ಟಿವ್‌ನ ಹೆಸರನ್ನು ತುಂಬಿದರೆ, ಒಟ್ಟಾಗಿ ಬರೆದ ಹೆಂಗಸರ ಗುಂಪು 'ಕಲೆಕ್ಟಿವ್, ಸಿ. ಆರ್.' ಎಂಬ ಇಲ್ಲದ ವ್ಯಕ್ತಿಯಾಗಿಬಿಡುತ್ತದೆ. ಪಕ್ಕದ ಗುಂಡಿ ಒತ್ತಿ ಒಂದೇ ಚೌಕಕ್ಕೆ ಬದಲಾಯಿಸಿದರೆ ಸರಿಹೋಗುತ್ತದೆ, ಆದರೆ ಆ ಗುಂಡಿ ಎಷ್ಟು ಚಿಕ್ಕದೆಂದರೆ ತರಗತಿಯಲ್ಲಿ ಅದು ಯಾರ ಕಣ್ಣಿಗೂ ತಾನಾಗಿ ಬೀಳಲಿಲ್ಲ.

ಕನ್ನಡದ ಹೆಸರುಗಳ ಕಷ್ಟ ಇನ್ನೂ ಆಳವಾದದ್ದು. ದೇವನೂರ ಮಹಾದೇವರ ಹೆಸರಿನಲ್ಲಿ ದೇವನೂರು ಊರು. ಉಲ್ಲೇಖ ಬರೆಯುವ ಕ್ರಮಗಳಲ್ಲೊಂದಾದ ಎಪಿಎ ಶೈಲಿಯಲ್ಲಿ ಅದು 'ಮಹಾದೇವ, ಡಿ.' ಎಂದಾಗಿ, ಊರು ವ್ಯಕ್ತಿಯ ಮೊದಲ ಹೆಸರಿನ ವೇಷ ತೊಡುತ್ತದೆ. ಕುಲನಾಮವೇ ಜಾತಿಯನ್ನು ಸಾರುವ ನಾಡಿನಲ್ಲಿ ಅದಿಲ್ಲದಿರುವುದನ್ನು ಕೊರತೆಯೆಂದು ಬಗೆಯುವ ಚೌಕಟ್ಟು ನನಗಂತೂ ಒಪ್ಪಿಗೆಯಾಗುವುದಿಲ್ಲ. ಅನುವಾದಕರಿಗೆ ಬೇರೆಯೇ ಜಾಗವಿರುವುದು ಮಾತ್ರ ಮೆಚ್ಚತಕ್ಕದ್ದು: ಟ್ರಾನ್ಸ್ ಲೇಖಕಿ ಎ. ರೇವತಿಯವರ 'ಬದುಕು ಬಯಲು' ಕೃತಿಯನ್ನು ನಮೂದಿಸುವಾಗ ಕನ್ನಡಕ್ಕೆ ತಂದ ದು. ಸರಸ್ವತಿಯವರ ಹೆಸರನ್ನು ಎರಡೇ ಕ್ಷಣಗಳಲ್ಲಿ ಸೇರಿಸಲು ಸಾಧ್ಯವಾಯಿತು.

ನನ್ನ ದೊಡ್ಡ ದೂರು ಟ್ರಾನ್ಸ್ ಲೇಖಕರು ಬಿಟ್ಟುಬಂದ ಹಳೆಯ ಹೆಸರುಗಳದು. ಇತ್ತೀಚಿನ ವರ್ಷಗಳಲ್ಲಿ ಹಲವು ಪ್ರಕಾಶಕರು, ಲೇಖಕರು ಕೇಳಿಕೊಂಡರೆ, ಪ್ರಕಟವಾದ ಪ್ರಬಂಧಗಳಲ್ಲೂ ಹೆಸರು ತಿದ್ದುತ್ತಿದ್ದಾರೆ. ಆದರೆ ಝೊಟೆರೊಗೆ ಒಮ್ಮೆ ಇಳಿಸಿಕೊಂಡ ವಿವರ ತಾನಾಗಿ ಬದಲಾಗದೆ, ಬಿಟ್ಟುಬಂದ ಹೆಸರು ನಮ್ಮ ಕಪಾಟಿನಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಗುಂಪಿನ ಸಂಗ್ರಹದಲ್ಲಿ ಒಬ್ಬರು ತಿದ್ದಿದರೆ ಅಲ್ಲಿ ಎಲ್ಲರಿಗೂ ಸರಿಯಾದ ಹೆಸರೇ ಕಾಣುತ್ತದೆ, ಆದರೆ ತಮ್ಮ ಸ್ವಂತ ಸಂಗ್ರಹಕ್ಕೆ ಎಳೆದುಕೊಂಡವರ ಪ್ರತಿ ಹಳೆಯದೇ. ಹೀಗಾಗಿ ಪ್ರತಿ ಅವಧಿಯ ಆರಂಭದಲ್ಲಿ ಪಟ್ಟಿಯನ್ನು ಕೈಯಾರೆ ಪರಿಶೀಲಿಸುವುದನ್ನೇ ನಾವು ಒಂದು ಅಭ್ಯಾಸಪಾಠವಾಗಿಸಿಕೊಂಡೆವು.

ಕೊನೆಗೊಂದು ಬಳಕೆಯ ಮಾತು: ಪಿಡಿಎಫ್‌ನಂಥ ಕಡತಗಳನ್ನಿಡಲು ಝೊಟೆರೊದಲ್ಲಿ ಉಚಿತವಾಗಿ ಸಿಗುವ ಜಾಗ 300 ಎಂಬಿ ಮಾತ್ರ. ಗುಂಪಿನ ಪಿಡಿಎಫ್‌ಗಳ ಭಾರ ಗುಂಪು ತೆರೆದವರ ಖಾತೆಗೇ ಬೀಳುತ್ತದೆ. ಬರಿಯ ಪಟ್ಟಿಯನ್ನು ಹಂಚಿಕೊಳ್ಳುವವರಿಗೆ ಈ ಮಿತಿ ತಟ್ಟುವುದಿಲ್ಲ.