‘ಸ್ಪ್ಲಿಟ್ ಫಾನ್ ಹೆಣ್ಣು’ ಅಂತ ಮಾರಿದರೆ ದುಡ್ಡು ಬಿಚ್ಚಬೇಡಿ

ಜೀಬ್ರಾ ಫಿಂಚ್ ಅನ್ನೋ ಪುಟ್ಟ ಪಂಜರದ ಹಕ್ಕಿ ಸಾಕುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಫಾನ್ ಅಂದರೆ ತಿಳಿ ಕಂದು ಬಣ್ಣಕ್ಕೆ ಸ್ಪ್ಲಿಟ್ ಆಗಿರುವ ಹೆಣ್ಣು ಅನ್ನೋದು ಇಲ್ಲವೇ ಇಲ್ಲ. ನಮ್ಮ ಕಲಬುರಗಿಯಲ್ಲಿ ಅದನ್ನು ರಾಜಾರೋಷವಾಗಿ ಮಾರುತ್ತಿದ್ದಾರೆ.

ಸ್ಪ್ಲಿಟ್ ಅಂದರೆ ನೋಡೋಕೆ ಮಾಮೂಲಿ ಬೂದು ಹಕ್ಕಿ, ಒಳಗೆ ಮಾತ್ರ ಇನ್ನೊಂದು ಬಣ್ಣದ ಗುಣ ಇರುತ್ತದೆ. ಕಣ್ಣಿಗೆ ಕಾಣಲ್ಲ. ಮಾರುವವನ ಬಾಯಿಮಾತೇ ಗ್ಯಾರಂಟಿ. ಮೋಸಕ್ಕೆ ಇದಕ್ಕಿಂತ ಅನುಕೂಲದ ಮಾಲು ಇನ್ನೇನು ಬೇಕು?

ಮನೆಯ ಮಾಳಿಗೆ ಮೇಲೆ ಪಂಜರ ಇಟ್ಟುಕೊಂಡು ಬ್ರೀಡಿಂಗ್ ಮಾಡುವ ಒಬ್ಬರ ಹತ್ತಿರ ನಾನು ಜೋಡಿ ತಂದೆ. ಬೂದು ಜೋಡಿಗೆ ಅವರದ್ದೇ ರೇಟು 600. ಇದಕ್ಕೆ 3,500 ತಗೊಂಡರು. ‘ಅಣ್ಣಾರ, ಗಂಡೂ ಸ್ಪ್ಲಿಟ್ ಅದ, ಹೆಣ್ಣೂ ಸ್ಪ್ಲಿಟ್ ಅದ. ಫಾನ್ ಮರಿ ಬರಲಿಲ್ಲಂದ್ರ ನನ್ನ ಕೇಳ್ರಿ’ ಅಂದರು.

ಗಂಡಿನ ಕಾಲಲ್ಲಿ ಹಳದಿ ರಿಂಗ್ ಇತ್ತು. ‘ರಿಂಗ್ ಬರ್ಡ್’ ಅಂತ ಅದಕ್ಕೂ ಸೇರಿಸಿಯೇ ರೇಟು. ಮನೆಗೆ ತಂದು ಕೈಯಲ್ಲಿ ಹಿಡಿದು ನೋಡಿದರೆ ಪ್ಲಾಸ್ಟಿಕ್ಕಿನದು, ಒಂದು ಕಡೆ ಸೀಳು, ಉಗುರು ಹಾಕಿದರೆ ಬಿಚ್ಚಿಕೊಳ್ಳುತ್ತದೆ. ಇಂಥದ್ದನ್ನು ಯಾವ ಹಕ್ಕಿಗಾದರೂ ಯಾವತ್ತು ಬೇಕಾದರೂ ಹಾಕಬಹುದು. ನಂಬಬಹುದಾದದ್ದು ಕ್ಲೋಸ್ಡ್ ರಿಂಗ್, ಅದಕ್ಕೆ ಸೀಳು ಇರಲ್ಲ. ಮರಿ ಹುಟ್ಟಿ ವಾರ–ಹತ್ತು ದಿನದೊಳಗೆ, ಪಾದ ಸಣ್ಣದಿರುವಾಗಲೇ ತೂರಿಸಬೇಕು, ಆಮೇಲೆ ಹಿಡಿಸಲ್ಲ. ಹುಟ್ಟಿದ ವರ್ಷ, ನಂಬರು ಅದರ ಮೇಲಿರುತ್ತವೆ. ನನಗೆ ಕೊಟ್ಟ ರಿಂಗಿನ ಮೇಲೆ ಒಂದಕ್ಷರವೂ ಇರಲಿಲ್ಲ.

ಹೆಣ್ಣಿನ ಕೊಕ್ಕು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಆದರೆ ಬುಡದಲ್ಲಿ ಕಪ್ಪು ಹಾಗೇ ಇತ್ತು. ಜೀಬ್ರಾ ಮರಿಗಳ ಕೊಕ್ಕು ಕಪ್ಪು. ಬೆಳೆದಂತೆ ಗಂಡಿಗೆ ಕೆಂಪಾಗುತ್ತದೆ, ಹೆಣ್ಣಿಗೆ ಕಿತ್ತಳೆ. ಕಪ್ಪು ಉಳಿದಿದೆ ಅಂದರೆ ಇನ್ನೂ ಎಳೇ ಹಕ್ಕಿ. ಕೇಳಿದ್ದಕ್ಕೆ, ‘ಅದು ಹಂಗ ಇರತದ ರೀ, ಬ್ರೀಡಿಂಗಿಗೆ ರೆಡಿ ಅದ’ ಅಂತ ಉತ್ತರ ಬಂತು.

ಮರಿಗಳೇನೋ ಬಂದವು. ಒಂದಾದ ಮೇಲೊಂದು ಗೂಡು, ಎಲ್ಲವೂ ಬೂದು. ಫೋನ್ ಮಾಡಿದರೆ, ‘ಬಿಸಲ ಜಾಸ್ತಿ ಅಣ್ಣಾರ, ಅದಕ್ಕ ಬಣ್ಣ ಬಂದಿಲ್ಲ. ಗೂಡು ತೆಗೀಬ್ಯಾಡ್ರಿ, ಮುಂದಿನ ಸಲ ನೋಡ್ರಿ’ ಅಂದರು. ಕಲಬುರಗಿ ಬಿಸಿಲಿಗೆ ಬಣ್ಣ ಹೋಗೋದಾದರೆ ನಮ್ಮೂರಿನ ಕಾಗೆಗಳು ಎಂದೋ ಬೆಳ್ಳಗಾಗಬೇಕಿತ್ತು.

ಅಸಲಿ ಲೆಕ್ಕ ಹೀಗಿದೆ. ಫಾನ್ ಅನ್ನೋದು ಲಿಂಗಕ್ಕೆ ಅಂಟಿಕೊಂಡು ಬರುವ ಬಣ್ಣ. ಅದರ ಜೀನ್ ಝಡ್ ಕ್ರೋಮೋಸೋಮಿನ ಮೇಲಿದೆ. ಮನುಷ್ಯರಲ್ಲಿ ಗಂಡಿಗೆ ಎಕ್ಸ್-ವೈ ಅಲ್ವಾ, ಹಕ್ಕಿಗಳಲ್ಲಿ ಉಲ್ಟಾ. ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ಗಂಡಿನಲ್ಲಿ ಒಂದು ಝಡ್ ಬೂದು, ಇನ್ನೊಂದು ಫಾನ್ ಇದ್ದರೆ ಹೊರಗೆ ಬೂದು ಕಾಣುತ್ತದೆ, ಅದೇ ಸ್ಪ್ಲಿಟ್. ಹೆಣ್ಣಿಗೆ ಇರೋದೇ ಒಂದು. ಅದರಲ್ಲಿ ಫಾನ್ ಇದ್ದರೆ ಹಕ್ಕಿಯೇ ಫಾನ್. ಇಲ್ಲದಿದ್ದರೆ ಇಲ್ಲ, ಮುಗೀತು. ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ. ಜೀಬ್ರಾದಲ್ಲೇ ಇರುವ ಚೆಸ್ಟ್‌ನಟ್ ಫ್ಲ್ಯಾಂಕ್ಡ್ ವೈಟ್ ಅನ್ನೋ ಇನ್ನೊಂದು ಬಣ್ಣಕ್ಕೂ ಇದೇ ಲೆಕ್ಕ.

ಗೌಲ್ಡಿಯನ್ ಫಿಂಚ್ ಅನ್ನೋ ಇನ್ನೊಂದು ಹಕ್ಕಿಯ ತಲೆಯ ಕೆಂಪು–ಕಪ್ಪು ಕೂಡ ಹೀಗೇ. ಕೆಂಪು ತಲೆಯ ಗಂಡು ಕಪ್ಪು ತಲೆಗೆ ಸ್ಪ್ಲಿಟ್ ಇರಬಹುದು, ಹೆಣ್ಣು ಇರಲಾರದು. ಆದರೆ ಗೌಲ್ಡಿಯನ್‌ನ ನೀಲಿ ಬೆನ್ನು, ಜೀಬ್ರಾದ ಪೈಡ್ (ಬಿಳಿ ಮಚ್ಚೆಯದು), ಬಿಳಿ ಇವುಗಳ ಜೀನು ಝಡ್ ಮೇಲಿಲ್ಲ. ಅವುಗಳಲ್ಲಿ ಹೆಣ್ಣೂ ಸ್ಪ್ಲಿಟ್ ಆಗಬಹುದು. ಎಲ್ಲ ಸ್ಪ್ಲಿಟ್ ಹೆಣ್ಣೂ ಸುಳ್ಳು ಅಂತ ನಾನು ಹೇಳುತ್ತಿಲ್ಲ.

ಹಾಗಾದರೆ ನನ್ನ ಗಂಡು? ಅದು ನಿಜವಾದ ಸ್ಪ್ಲಿಟ್ ಆಗಿದ್ದರೆ ಹೆಣ್ಣು ಮರಿಗಳಲ್ಲಿ ಸರಾಸರಿ ಅರ್ಧ ಫಾನ್ ಬರಬೇಕು. ಗಂಡು ಮರಿ ಹೇಗೂ ಬೂದೇ, ಅದನ್ನು ಎಣಿಸಬೇಡಿ. ಸತತ ಐದು ಹೆಣ್ಣು ಮರಿ ಬೂದು ಬರುವ ಸಾಧ್ಯತೆ 32ರಲ್ಲಿ 1. ನನ್ನ ಹತ್ತಿರ ಅದಕ್ಕಿಂತ ಜಾಸ್ತಿ ಹೆಣ್ಣು ಮರಿ ಆಗಿದ್ದವು. ಸಿಕ್ಕಿದ್ದು 600ರ ಜೋಡಿ ಅಷ್ಟೇ.

ದುಡ್ಡು ಹೋದರೆ ಹೋಗಲಿ. ಆ ಹೆಣ್ಣಿನ ಗತಿ ನೋಡಿ. ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿಕೊಂಡಿತ್ತು. ಎಳೇ ಹಕ್ಕಿಗೆ, ಬಿಡುವಿಲ್ಲದೆ ಮೊಟ್ಟೆ ಇಟ್ಟು ಕ್ಯಾಲ್ಸಿಯಂ ಖಾಲಿಯಾದ ಹಕ್ಕಿಗೆ ಹೀಗಾಗುತ್ತದೆ. ಬೆಚ್ಚಗಿಟ್ಟು ತಕ್ಷಣ ಹಕ್ಕಿ ಗೊತ್ತಿರುವ ಡಾಕ್ಟರಿಗೆ ತೋರಿಸಬೇಕು. ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಇಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ. ಹೊರಡೋ ಹೊತ್ತಿಗೆ ಹಕ್ಕಿ ಸತ್ತಿತ್ತು. ಆರು ತಿಂಗಳು ತುಂಬದ ಹೆಣ್ಣಿಗೆ ಗೂಡು ಕೊಡಬಾರದು. ಎರಡು ಮೂರು ಸಲ ಮರಿ ಮಾಡಿದ ಮೇಲೆ ಗೂಡು ತೆಗೆದು ಸುಧಾರಿಸಿಕೊಳ್ಳಲು ಬಿಡಬೇಕು. ‘ಗೂಡು ತೆಗೀಬ್ಯಾಡ್ರಿ’ ಅಂದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವಾ?

ಗೊತ್ತಿತ್ತು. ಹೋಗಿ ಝಡ್ ಲೆಕ್ಕ ಹೇಳಿದಾಗ ಅವರು ಬೆಚ್ಚಲೂ ಇಲ್ಲ. ‘ಹೌದ್ರಿ, ಹೆಣ್ಣು ಸ್ಪ್ಲಿಟ್ ಇರಂಗಿಲ್ಲ. ಗಿರಾಕಿ ಜೋಡಿ ಕೇಳತಾರ, ಅದಕ್ಕ ಹಂಗ ಅನ್ನೋದು. ಅರ್ಧ ರೇಟಿಗಿ ಇನ್ನೊಂದು ಹೆಣ್ಣು ಒಯ್ರಿ’ ಅಂದರು.

ಫಾನ್ ಬೇಕಿದ್ದರೆ ಕಣ್ಣಿಗೆ ಕಾಣುವ ಫಾನ್ ಗಂಡನ್ನೇ ತಗೊಳ್ಳಿ, ಜೊತೆಗೆ ಮಾಮೂಲಿ ಬೂದು ಹೆಣ್ಣು ಹಾಕಿ. ಹೆಣ್ಣು ಮರಿಗಳೆಲ್ಲ ಫಾನ್ ಬರುತ್ತವೆ, ಗಂಡು ಮರಿಗಳೆಲ್ಲ ಸ್ಪ್ಲಿಟ್. ಗಂಡು ಸಿಗದಿದ್ದರೆ ಫಾನ್ ಹೆಣ್ಣು, ಬೂದು ಗಂಡು. ಮರಿಗಳು ಬೂದೇ ಬಂದರೂ ಗಂಡುಗಳೆಲ್ಲ ಖಾತ್ರಿ ಸ್ಪ್ಲಿಟ್. ಸ್ಪ್ಲಿಟ್ ಗಂಡೇ ಕೊಳ್ಳೋದಾದರೆ ಅದರ ಅಪ್ಪ ಅಮ್ಮನನ್ನು ತೋರಿಸಿ ಅನ್ನಿ. ಖಾತ್ರಿ ಬೇಕಿದ್ದರೆ ಇಬ್ಬರಲ್ಲಿ ಒಬ್ಬರು ಫಾನ್ ಇರಬೇಕು. ‘ಅವು ಮಾರಿಹೋಗ್ಯಾವ’ ಅಂದರೆ ಬೂದು ಹಕ್ಕಿಯ ರೇಟಿಗೇ ಕೇಳಿ, ಕೊಡದಿದ್ದರೆ ಬಿಟ್ಟು ಬನ್ನಿ.